ರಾಜಿಯಾದ ಕಾನೂನಿಗೆ ಆಯುಸ್ಸು ಹೆಚ್ಚು

'ರಾಜೀನಾಮೆ' ಎಂಬ ಪದದ ಮೂಲಾರ್ಥ ಒಪ್ಪಂದದ ಪತ್ರ. ಉತ್ತರ ಭಾರತದ ನ್ಯಾಯಾಲಯಗಳಲ್ಲಿ ಉಭಯ ಪಕ್ಷಗಳು ಒಪ್ಪಿ ಬರೆದುಕೊಟ್ಟ ರಾಜಿ ಪತ್ರಕ್ಕೆ ಇಂದಿಗೂ ಅದೇ ಹೆಸರು. ಕನ್ನಡದಲ್ಲಿ ಮಾತ್ರ ಅದು ಅಧಿಕಾರ ತ್ಯಾಗದ ಪತ್ರವಾಗಿ ನಿಂತಿದೆ. ನಮ್ಮ ಶಾಸನಸಭೆಗಳ ನಡಾವಳಿಯನ್ನು ನೋಡಿದರೆ ಈ ಅರ್ಥಪಲ್ಲಟ ಸಹಜವೇ ಎನಿಸುತ್ತದೆ. ಅಧಿವೇಶನ ಆರಂಭವಾದೊಡನೆ ಒಂದು ಪಕ್ಷ ರಾಜೀನಾಮೆ ಕೇಳುತ್ತದೆ, ಇನ್ನೊಂದು ನಿರಾಕರಿಸುತ್ತದೆ, ಸಭೆ ಮುಂದಕ್ಕೆ ಹೋಗುತ್ತದೆ. ರಾಜಿಯ ಮಾತನ್ನು ಯಾರೂ ಎತ್ತುವುದಿಲ್ಲ. ಏಕೆಂದರೆ 'ರಾಜಿ ಮಾಡಿಕೊಂಡವರು' ಎಂಬುದು ಇಂದಿನ ರಾಜಕಾರಣದಲ್ಲಿ ಬೈಗುಳ. ನೆರೆಹೊರೆಯ ಗಡಿ ತಕರಾರಿನಲ್ಲಿ, ಲೋಕ ಅದಾಲತ್‌ನಲ್ಲಿ ವಿವೇಕವೆಂದು ಹೊಗಳಿಸಿಕೊಳ್ಳುವ ರಾಜಿ, ವಿಧಾನಸೌಧದ ಮೆಟ್ಟಿಲೇರಿದೊಡನೆ ದ್ರೋಹವಾಗುವುದು ಏಕೆ?

ಈ ಪ್ರಶ್ನೆಯನ್ನು ನಾಯಕರ ನಡವಳಿಕೆಯ ಪ್ರಶ್ನೆಯೆಂದು ಭಾವಿಸುವುದು ವಾಡಿಕೆ. ಹಿಂದಿನವರು ಸಜ್ಜನರು, ಈಗಿನವರು ಒರಟರು ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಒರಟುತನಕ್ಕೆ ಪುರಾವೆಗಳಿಗೇನೂ ಕೊರತೆಯಿಲ್ಲ. 2020ರ ಡಿಸೆಂಬರ್ 15ರಂದು ನಮ್ಮ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದಲೇ ಎಳೆದಿಳಿಸಲಾಯಿತು. 2023ರ ಡಿಸೆಂಬರ್‌ನಲ್ಲಿ ಸಂಸತ್ತಿನ ಉಭಯ ಸದನಗಳಿಂದ 146 ಸದಸ್ಯರನ್ನು ಅಮಾನತುಗೊಳಿಸಲಾಯಿತು. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಿಂದ 18 ಶಾಸಕರನ್ನು ಆರು ತಿಂಗಳ ಅವಧಿಗೆ ಹೊರಗಿಡಲಾಯಿತು. ಎರಡು ತಿಂಗಳ ನಂತರ ಆ ಆದೇಶವನ್ನು ಹಿಂಪಡೆಯಲಾಯಿತು. ಈ ಮೂರು ಪ್ರಸಂಗಗಳಲ್ಲಿ ತಪ್ಪು ಒಂದೇ ಪಕ್ಷದ್ದಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಸ್ವಭಾವವನ್ನು ದೂರಿ ಸುಮ್ಮನಾದರೆ ಪರಿಹಾರ ಸಿಗುವುದಿಲ್ಲ. ಯಾವ ಏರ್ಪಾಡಿನಲ್ಲಿ ರಾಜಿ ಸಾಧ್ಯವಾಯಿತು, ಯಾವುದರಲ್ಲಿ ಆಗಲಿಲ್ಲ ಎಂಬುದನ್ನು ನೋಡಬೇಕು. ಅದಕ್ಕೆ ಇತ್ತೀಚಿನ ಎರಡು ಉದಾಹರಣೆಗಳು ಸಾಕು.

ಮೊದಲನೆಯದು ಸರಕು ಮತ್ತು ಸೇವಾ ತೆರಿಗೆ. 2000ದಲ್ಲಿ ವಾಜಪೇಯಿ ಸರ್ಕಾರ ರಾಜ್ಯಗಳ ತೆರಿಗೆ ಸುಧಾರಣೆಗಾಗಿ ಹಣಕಾಸು ಸಚಿವರ ಉನ್ನತಾಧಿಕಾರ ಸಮಿತಿಯನ್ನು ರಚಿಸಿದಾಗ ಅದರ ಅಧ್ಯಕ್ಷರಾದವರು ಪಶ್ಚಿಮ ಬಂಗಾಳದ ಮಾರ್ಕ್ಸ್‌ವಾದಿ ಸಚಿವ ಅಸೀಮ್ ದಾಸ್‌ಗುಪ್ತಾ. ಮುಂದೆ ಯುಪಿಎ ಆಳ್ವಿಕೆಯಲ್ಲಿ, 2011ರಲ್ಲಿ, ಅದೇ ಸ್ಥಾನಕ್ಕೆ ಬಿಹಾರದ ಬಿಜೆಪಿ ನಾಯಕ ಸುಶೀಲ್ ಕುಮಾರ್ ಮೋದಿ ಬಂದರು. ಮಸೂದೆ ಅಂಗೀಕಾರವಾಗುವ ವೇಳೆಗೆ ತೃಣಮೂಲ ಕಾಂಗ್ರೆಸ್ಸಿನ ಅಮಿತ್ ಮಿತ್ರಾ ಅಲ್ಲಿದ್ದರು. ಕೇಂದ್ರದಲ್ಲಿ ಯಾರು ಆಳುತ್ತಿದ್ದರೋ ಅವರ ಎದುರಾಳಿಗೆ ಸಮಿತಿಯ ಚುಕ್ಕಾಣಿ ಕೊಟ್ಟದ್ದು ಕೇವಲ ಸೌಜನ್ಯವಾಗಿರಲಿಲ್ಲ. ಎದುರಾಳಿಯನ್ನು ಫಲಿತಾಂಶಕ್ಕೆ ಹೊಣೆಗಾರನನ್ನಾಗಿ ಮಾಡುವ ಜಾಣ್ಮೆಯೂ ಅದರಲ್ಲಿತ್ತು.

ದಾರಿಯೇನೂ ಸುಗಮವಾಗಿರಲಿಲ್ಲ. ಯುಪಿಎ ಸರ್ಕಾರ 2011ರಲ್ಲಿ ಮಂಡಿಸಿದ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಗುಜರಾತ್, ಮಧ್ಯಪ್ರದೇಶಗಳ ಬಿಜೆಪಿ ಸರ್ಕಾರಗಳು ವಿರೋಧಿಸಿದವು. 2014ರ ನಂತರ ಪಾತ್ರಗಳು ಅದಲುಬದಲಾದವು. ರಾಜ್ಯಸಭೆಯಲ್ಲಿ ಕಾಂಗ್ರೆಸ್ ಅಡ್ಡ ನಿಂತಿತು. ಬಹುಮತವಿಲ್ಲದ ಆ ಸದನವೇ ಸರ್ಕಾರವನ್ನು ಮಾತುಕತೆಗೆ ಎಳೆಯಿತು. ಮಸೂದೆ ಪರಿಶೀಲನಾ ಸಮಿತಿಗೆ ಹೋಯಿತು. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಸೋನಿಯಾ ಗಾಂಧಿ ಮತ್ತು ಮನಮೋಹನ್ ಸಿಂಗ್ ಅವರನ್ನು ತಮ್ಮ ನಿವಾಸಕ್ಕೆ ಚಹಾಕ್ಕೆ ಆಹ್ವಾನಿಸಿದರು. ಸರ್ಕಾರ ಶೇ 1ರ ಹೆಚ್ಚುವರಿ ತೆರಿಗೆಯನ್ನು ಕೈಬಿಟ್ಟಿತು. ರಾಜ್ಯಗಳ ಆದಾಯ ನಷ್ಟವನ್ನು ಐದು ವರ್ಷ ಪೂರ್ಣವಾಗಿ ತುಂಬಿಕೊಡಲು ಒಪ್ಪಿತು. ಕಾಂಗ್ರೆಸ್ ತೆರಿಗೆ ದರದ ಮಿತಿಯನ್ನು ಸಂವಿಧಾನದಲ್ಲೇ ಬರೆಯಬೇಕೆಂಬ ಪಟ್ಟನ್ನು ಸಡಿಲಿಸಿತು. 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಎಐಎಡಿಎಂಕೆ ಸಭಾತ್ಯಾಗ ಮಾಡಿತಾದರೂ ಮಸೂದೆಯ ವಿರುದ್ಧ ಒಂದು ಮತವೂ ಬೀಳಲಿಲ್ಲ.

ಆ ತಿದ್ದುಪಡಿಯಿಂದ ಹುಟ್ಟಿದ ಜಿಎಸ್‌ಟಿ ಮಂಡಳಿಯ ರಚನೆಯಲ್ಲೇ ರಾಜಿ ಅಡಗಿದೆ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಉಳಿದ ಎರಡು ಭಾಗ. ತೀರ್ಮಾನಕ್ಕೆ ಬೇಕಾದದ್ದು ನಾಲ್ಕನೇ ಮೂರರಷ್ಟು ಬಹುಮತ. ಅಂದರೆ ಕೇಂದ್ರವಾಗಲಿ ರಾಜ್ಯಗಳಾಗಲಿ ಒಂಟಿಯಾಗಿ ಗೆಲ್ಲುವಂತಿಲ್ಲ. ಪರಿಣಾಮವಾಗಿ 2019ರ ಡಿಸೆಂಬರ್‌ನಲ್ಲಿ ಲಾಟರಿ ತೆರಿಗೆಯ ಪ್ರಶ್ನೆ ಬರುವವರೆಗೆ ಮಂಡಳಿಯಲ್ಲಿ ಮತದಾನವೇ ನಡೆಯಲಿಲ್ಲ. ಈ ತೆರಿಗೆಯಲ್ಲಿ ದೋಷಗಳಿಲ್ಲವೆಂದಲ್ಲ. ಸಣ್ಣ ವ್ಯಾಪಾರಿಗಳು ಪಟ್ಟ ಪಾಡು, 2020ರಲ್ಲಿ ಪರಿಹಾರದ ಹಣಕ್ಕಾಗಿ ರಾಜ್ಯಗಳು ನಡೆಸಿದ ಜಗಳ ನೆನಪಿನಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ದರಗಳನ್ನು ಮುಖ್ಯವಾಗಿ ಶೇ 5 ಮತ್ತು 18ಕ್ಕೆ ಇಳಿಸುವಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆದಾಯ ಖೋತಾದ ಆತಂಕ ವ್ಯಕ್ತಪಡಿಸಿದವು. ಆದರೂ ಜಗಳ ಮಂಡಳಿಯ ಒಳಗೇ ನಡೆಯಿತು, ತೀರ್ಮಾನ ಅಲ್ಲಿಯೇ ಆಯಿತು.

ಎರಡನೆಯ ಉದಾಹರಣೆ ಕೃಷಿ ಕಾಯ್ದೆಗಳದ್ದು. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಗಳ ರೂಪದಲ್ಲಿ ಬಂದ ಅವು ಸ್ಥಾಯಿ ಸಮಿತಿಗೂ ಹೋಗಲಿಲ್ಲ, ಪರಿಶೀಲನಾ ಸಮಿತಿಗೂ ಹೋಗಲಿಲ್ಲ. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಮತ ವಿಭಜನೆಯ ಬೇಡಿಕೆ ಗದ್ದಲದಲ್ಲಿ ಮುಳುಗಿತು. ಮೂರರಲ್ಲಿ ಎರಡು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾದವು. ಮರುದಿನ ಎಂಟು ಸದಸ್ಯರು ಅಮಾನತಾದರು. ಸದನದಲ್ಲಿ ಆಗದ ಚರ್ಚೆ ದೆಹಲಿಯ ಗಡಿಗಳಲ್ಲಿ ಒಂದು ವರ್ಷ ನಡೆಯಿತು. 2021ರ ನವೆಂಬರ್ 29ರಂದು ಕಾಯ್ದೆಗಳು ರದ್ದಾದವು, ಆ ರದ್ದತಿಯೂ ಚರ್ಚೆಯಿಲ್ಲದೆ! ಕೃಷಿ ಮಾರುಕಟ್ಟೆಯ ಸುಧಾರಣೆ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಇದರಿಂದ ಲಾಭವಾಗಲಿಲ್ಲ. ಸರ್ಕಾರದ ಬಳಿ ಬಹುಮತವಿತ್ತು, ಇಲ್ಲದಿದ್ದುದು ಒಪ್ಪಿಗೆ.

ಈ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಸೋತವನಿಗೂ ಸ್ವಲ್ಪ ಪಾಲು ಸಿಕ್ಕ ಕಾನೂನನ್ನು ಉರುಳಿಸಲು ಯಾರಿಗೂ ಆಸಕ್ತಿಯಿರುವುದಿಲ್ಲ. ಬಲದಿಂದ ಬಂದದ್ದು ಬಲ ಕುಂದಿದ ದಿನ ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಒಂದು ಸರ್ಕಾರ ಶಾಲಾ ಪಠ್ಯಗಳನ್ನು ಪರಿಷ್ಕರಿಸಿತು. 2023ರಲ್ಲಿ ಬಂದ ಸರ್ಕಾರ ಅದರಲ್ಲಿ ಹಲವು ಪಾಠಗಳನ್ನು ಕಿತ್ತುಹಾಕಿತು. ಚುನಾವಣೆ ಬಂದಾಗಲೆಲ್ಲ ಪಾಠ ಬದಲಾಗುವುದಾದರೆ ಮಕ್ಕಳು ಕಲಿಯುವುದು ಏನನ್ನು?

ಎಲ್ಲದರಲ್ಲೂ ರಾಜಿ ಸಲ್ಲದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪ್ರಜೆಯೊಬ್ಬನ ಸಮಾನತೆ, ಆತನ ಮಾತಿನ ಹಕ್ಕು ಚೌಕಾಸಿಯ ವಸ್ತುಗಳಲ್ಲ. ದನಿಯಿಲ್ಲದವರು ನೊಂದು ಕೂಗಿದಾಗ 'ಸಭ್ಯತೆ ಇರಲಿ' ಎಂದು ಬಾಯಿ ಮುಚ್ಚಿಸುವುದೂ ಅನ್ಯಾಯವೇ. ಎಲ್ಲ ಸಹಮತವೂ ಸಾರ್ವಜನಿಕ ಹಿತದ್ದಲ್ಲ ಎಂಬುದಕ್ಕೂ ನಿದರ್ಶನಗಳಿವೆ. 18 ಶಾಸಕರನ್ನು ಅಮಾನತು ಮಾಡಿದ ಅದೇ ಮಾರ್ಚ್ 21ರಂದು, ಅದೇ ಗದ್ದಲದ ನಡುವೆ, ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿಸುವ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. 2022ರ ಫೆಬ್ರುವರಿಯಲ್ಲಿ ಬೇರೊಂದು ಸರ್ಕಾರವಿದ್ದಾಗಲೂ ವೇತನ ಹೆಚ್ಚಳ ಹೀಗೆಯೇ ಆಗಿತ್ತು. ತಮಗೆ ಬೇಕಾದಾಗ ಒಂದಾಗಲು ನಮ್ಮ ಪ್ರತಿನಿಧಿಗಳಿಗೆ ಚೆನ್ನಾಗಿ ಬರುತ್ತದೆ ಎಂದಾಯಿತಲ್ಲವೇ?

ಹಾಗಾಗಿ ಬೇಕಾಗಿರುವುದು ಉಪದೇಶಕ್ಕಿಂತ ಹೆಚ್ಚಾಗಿ ಏರ್ಪಾಡು. ಅದರ ಬಹುಪಾಲು ನಮ್ಮಲ್ಲಿ ಈಗಾಗಲೇ ಇದೆ. 1993ರಲ್ಲಿ ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳ ಪದ್ಧತಿ ಬಂದಿತು. ಕ್ಯಾಮೆರಾಗಳಿಲ್ಲದ ಆ ಕೊಠಡಿಗಳಲ್ಲಿ ಸದಸ್ಯರು ಪಕ್ಷದ ಗಡಿ ದಾಟಿ ಮಾತನಾಡುತ್ತಾರೆ. 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ ಆ ಪ್ರಮಾಣ ಶೇ 16ಕ್ಕೆ ಕುಸಿಯಿತು. 1999ರಿಂದ 2014ರವರೆಗೆ ಮೂರು ಲೋಕಸಭೆಗಳಲ್ಲಿ ಉಪಸಭಾಧ್ಯಕ್ಷ ಸ್ಥಾನ ಪ್ರತಿಪಕ್ಷದವರಿಗೆ ಸಂದಿತ್ತು: ಪಿ.ಎಂ. ಸಯೀದ್, ಚರಣ್‌ಜಿತ್ ಸಿಂಗ್ ಅಟ್ವಾಲ್, ಕರಿಯಾ ಮುಂಡಾ. 17ನೇ ಲೋಕಸಭೆಯ ಐದೂ ವರ್ಷ ಆ ಪೀಠ ಖಾಲಿಯಿತ್ತು. ಮುಖ್ಯ ಮಸೂದೆಗಳೆಲ್ಲ ಸಮಿತಿಯನ್ನು ಹಾದು ಬರಬೇಕೆಂಬ ನಿಯಮ, ಉಪಸಭಾಧ್ಯಕ್ಷ ಸ್ಥಾನ ಪ್ರತಿಪಕ್ಷಕ್ಕೆ ಎಂಬ ಸಂಪ್ರದಾಯ, ಈ ಎರಡನ್ನು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಪಾಲಿಸಿದರೆ ಅರ್ಧ ಗದ್ದಲಕ್ಕೆ ಕಾರಣವೇ ಉಳಿಯುವುದಿಲ್ಲ. ಮಾತಿಗೆ ಜಾಗವಿಲ್ಲದವನೇ ಸಾಮಾನ್ಯವಾಗಿ ಸಭಾಧ್ಯಕ್ಷರ ಪೀಠದತ್ತ ನುಗ್ಗುವುದು.

ಉಳಿದರ್ಧ ಹೊಣೆ ನಮ್ಮದು. 'ಒಂದಿಂಚೂ ಕದಲಲಿಲ್ಲ' ಎಂದು ನಾಯಕನನ್ನು ಮೆಚ್ಚುವವರು ನಾವೇ; ಎದುರು ಪಕ್ಷದವರೊಡನೆ ಕುಳಿತು ಚಹಾ ಕುಡಿದವನ ನಿಷ್ಠೆಯನ್ನು ಶಂಕಿಸುವವರೂ ನಾವೇ. ಆಳುವವರು ಬಗ್ಗಿದಾಗ ಅದನ್ನು ಸೋಲೆಂದು ಪ್ರತಿಪಕ್ಷ ಬೀಗದಿರಲಿ, ಪ್ರತಿಪಕ್ಷ ಒಪ್ಪಿದಾಗ ಅದನ್ನು ಶರಣಾಗತಿಯೆಂದು ಆಳುವವರು ಸಾರದಿರಲಿ. ಅಂಥ ನಡೆಗೆ ಮತದಾರ ಬೆಲೆ ಕೊಡತೊಡಗಿದ ದಿನ, ರಾಜಿ ಮಾಡಿಕೊಳ್ಳುವ ಧೈರ್ಯ ನಮ್ಮ ರಾಜಕಾರಣಿಗಳಿಗೂ ತಾನಾಗಿ ಬರುತ್ತದೆ.