ಬೀಗದ ಕೈ ಕೊಡುವ ಮುನ್ನ ಲೆಕ್ಕ ಚುಕ್ತಾ ಆಗಲಿ

ಬಾಡಿಗೆ ಮನೆಗೆ ಬರುವ ದಿನದ ಮಾತೆಲ್ಲ ಸ್ಟಾಂಪು ಕಾಗದದ ಮೇಲೆ ನಡೆಯುತ್ತದೆ. ಮನೆ ಬಿಡುವ ದಿನದ ಲೆಕ್ಕ ಮಾತ್ರ ಮನೆಯೊಡೆಯನ ಬಾಯಿಯಲ್ಲೇ ನಡೆದುಹೋಗುತ್ತದೆ. ದುಡಿಯುವ ಜನರ ಸಾವಿರಾರು ರೂಪಾಯಿ ಹೀಗೆ ಕರಗುತ್ತಿರುವಾಗ ಸುಮ್ಮನಿರುವುದು ನಮ್ಮಿಂದಾಗದು.

ನಮ್ಮ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಪೀಣ್ಯದ ಕಾರ್ಖಾನೆಗಳಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಓಡಾಡಲು ಅನುಕೂಲವೆಂದು ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳದ ಕಡೆ ಮನೆ ಹಿಡಿಯುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವುದು ಆ ನಗರದ ಹಳೆಯ ರೂಢಿ. ಈ ಹಣಕ್ಕೆ ಬಡ್ಡಿ ಇಲ್ಲ. ಹೋಗುವಾಗ ಅದರಲ್ಲಿ ಎಷ್ಟು ಮುರಿಯಬೇಕೆಂದು ತೀರ್ಮಾನಿಸುವವನೂ ಹಣ ಇಟ್ಟುಕೊಂಡವನೇ!

ಒಂದು ಲೆಕ್ಕ ಹಾಕಿ ನೋಡೋಣ. ಬಾಡಿಗೆ 9,000 ರೂಪಾಯಿ, ಅಡ್ವಾನ್ಸ್ 90,000 ಎನ್ನಿ. ಕರಾರಿನಂತೆ ಒಂದು ತಿಂಗಳ ನೋಟೀಸು. ಬಾಡಿಗೆದಾರ ಆಗಸ್ಟ್ 13ರಂದು ನೋಟೀಸು ಕೊಟ್ಟು ಸೆಪ್ಟೆಂಬರ್ 12ರಂದು ಮನೆ ಬಿಡುತ್ತಾನೆ. ಆಗಸ್ಟಿನವರೆಗೆ ಬಾಡಿಗೆ ಸಂದಿದೆ. ಸೆಪ್ಟೆಂಬರಿಗೆ 30 ದಿನ. ದಿನವೊಂದಕ್ಕೆ 300ರಂತೆ 12 ದಿನಕ್ಕೆ 3,600. ವಿದ್ಯುತ್ತು, ನೀರು 600. ಒಟ್ಟು 4,200 ಮುರಿದು 85,800 ವಾಪಸು ಬರಬೇಕು. ಒಡೆಯನ ಲೆಕ್ಕವೇ ಬೇರೆ: ಪೂರ್ತಿ ತಿಂಗಳ ಬಾಡಿಗೆ 9,000, ಸುಣ್ಣಬಣ್ಣಕ್ಕೆ 9,000, ಮೇಲೆ 600. ಕೈಗೆ ಬರುವುದು 71,400. ವ್ಯತ್ಯಾಸ 14,400 ರೂಪಾಯಿ! ಒಂದೂವರೆ ತಿಂಗಳ ಬಾಡಿಗೆಗೂ ಇದು ಹೆಚ್ಚು.

ಇದಕ್ಕೆ ಕಾನೂನು ಏನೆನ್ನುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ವಾಸದಿಂದ ಸಹಜವಾಗಿ ಆಗುವ ಸವೆತ ಬಾಡಿಗೆದಾರನ ಹೊಣೆಯಲ್ಲ. ಗೋಡೆ ಮಾಸುವುದು ಸಹಜ ಸವೆತವೇ. ಅದರ ಬೆಲೆ ತಿಂಗಳು ತಿಂಗಳೂ ಕೊಟ್ಟ ಬಾಡಿಗೆಯಲ್ಲೇ ಸಂದಿದೆ. ಕಿಟಕಿ ಗಾಜು ಒಡೆದಿದ್ದರೆ, ಬಾಗಿಲು ಮುರಿದಿದ್ದರೆ ಅದರ ಖರ್ಚು ಕೊಡುವುದು ನ್ಯಾಯ. ಕರಾರಿಲ್ಲದ ಕಡೆ ತಿಂಗಳ ಬಾಡಿಗೆಗೆ 106ನೇ ಕಲಮಿನ ಪ್ರಕಾರ 15 ದಿನದ ನೋಟೀಸು ಸಾಕು.

ಆದರೆ ಇಲ್ಲೊಂದು ತೊಡಕಿದೆ. ಕರಾರು ಬೇರೆ ರೀತಿ ಹೇಳಿದರೆ ಕರಾರಿಗೇ ಬಲ. 'ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ' ಎಂಬ ಸಾಲಿಗೆ ಓದದೆ ರುಜು ಹಾಕಿದವನು ಕೊನೆಗೆ ಕೂಗಾಡಿ ಫಲವಿಲ್ಲ. ಜಗಳ ಆಡುವುದಾದರೆ ರುಜುವಿಗೆ ಮುಂಚೆಯೇ ಆಡಬೇಕು.

1999ರ ಕರ್ನಾಟಕ ಬಾಡಿಗೆ ಕಾಯಿದೆ ಕಾಪಾಡೀತೇ? ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ದರಕ್ಕೆ ಇಂದು ಮನೆ ಎಲ್ಲಿದೆ? ಚಿಲ್ಲರೆ ವರ್ತಕರೂ ಗಮನಿಸಬೇಕು: 14 ಚದರ ಮೀಟರಿಗಿಂತ ದೊಡ್ಡ ಅಂಗಡಿಯೂ ಆ ಕಾಯಿದೆಯ ಹೊರಗೇ. 2021ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು. ಬಾಕಿ ಕಳೆದು ಉಳಿದದ್ದನ್ನು ಮನೆ ವಶಕ್ಕೆ ಪಡೆಯುವಾಗಲೇ ಕೊಡಬೇಕು. ಮಾದರಿಯಿಂದ ಹೊಟ್ಟೆ ತುಂಬದು. ಈ ಎರಡು ಮಾತು ನಮ್ಮ ರಾಜ್ಯದ ಶಾಸನವಾಗಬೇಕೆಂಬುದೇ ನಮ್ಮ ಒತ್ತಾಯ.

ಮನೆಯೊಡೆಯರೆಲ್ಲ ಶ್ರೀಮಂತರೆಂದು ನಾವು ಹೇಳುತ್ತಿಲ್ಲ. ಗ್ರಾಚ್ಯುಯಿಟಿ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿಸಿದ ನಿವೃತ್ತ ಕಾರ್ಮಿಕನೂ ಅವರಲ್ಲಿದ್ದಾನೆ. ಬಂದ ಅಡ್ವಾನ್ಸು ಸಾಲಕ್ಕೆ ಹೋಗಿ, 'ಮುಂದಿನವರು ಬಂದ ಮೇಲೆ ಕೊಡುತ್ತೇನೆ' ಎನ್ನುತ್ತಾನೆ. ಬಿಟ್ಟು ಹೋಗುವವನಿಗೋ, ಹೊಸ ಮನೆಗೆ ಅಡ್ವಾನ್ಸ್ ಕೊಡಲು ಆ ಹಣ ಅಂದೇ ಬೇಕು. ಸಿಗದಿದ್ದರೆ ಕೈಸಾಲ, ಅದಕ್ಕೆ ಬಡ್ಡಿ. ದೊಡ್ಡ ಅಡ್ವಾನ್ಸಿನ ಈ ಪದ್ಧತಿ ಬಡವರನ್ನು ಬಡವರ ಮೇಲೆಯೇ ಎತ್ತಿಕಟ್ಟಿದೆ.

ಶಾಸನ ಬರುವವರೆಗೆ ನಾವೇ ಮಾಡಬಹುದಾದ್ದೂ ಇದೆ. ನೋಟೀಸು ಬರಹದಲ್ಲೇ ಇರಲಿ; ಮೊಬೈಲಿನಲ್ಲಾದರೂ ಕಳಿಸಿ, ಅಳಿಸಬೇಡಿ. ಮನೆಗೆ ಬಂದ ದಿನವೂ ಬಿಡುವ ದಿನವೂ ಗೋಡೆ, ನಲ್ಲಿ, ಮೀಟರಿನ ಫೋಟೋ ತೆಗೆಯಿರಿ. ಬಾಡಿಗೆಗೆ ರಸೀದಿ ಪಡೆಯಿರಿ. ಕೊನೆಯ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿಯಲು ಒಡೆಯ ಒಪ್ಪಿದರೆ ಅದನ್ನೂ ಬರೆಸಿಕೊಳ್ಳಿ. ಗೃಹಜ್ಯೋತಿಯ ಹಳೆಯ ಮೀಟರಿನ ನಂಟು ಬಿಡಿಸಿಕೊಳ್ಳಿ. ಮುರಿದ ಪ್ರತಿ ಬಾಬಿಗೂ ಬಿಲ್ಲು ಕೇಳಿ. ಇಬ್ಬರೂ ರುಜು ಮಾಡಿದ ಲೆಕ್ಕದ ಚೀಟಿ ಒಂದು ಕೈಗೆ, ಬೀಗದ ಕೈ ಇನ್ನೊಂದು ಕೈಗೆ.

ಒಡೆಯ ಒಪ್ಪದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. 1987ರ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಕಾನೂನು ನೆರವು ಉಚಿತ.

ಪ್ರತಿ ಕಾರ್ಮಿಕ ಸಂಘದ, ವರ್ತಕರ ಸಂಘದ ಕಚೇರಿಯಲ್ಲೂ ಲೆಕ್ಕದ ಚೀಟಿಯ ಅಚ್ಚಾದ ನಮೂನೆ ಸಿಗುವಂತಾಗಲಿ. ಒಬ್ಬನೇ ಕೇಳಿದರೆ ತಂಟೆಕೋರ ಎನ್ನುತ್ತಾರೆ. ಬೀದಿಯೇ ಕೇಳಿದರೆ ಅದೇ ರೂಢಿಯಾಗುತ್ತದೆ.