ಕೊನೆಯ ಸುತ್ತಿನಲ್ಲಿ ಬೇಡವೆಂದರೆ

ಈ ಸಲದ ಟಪಾಲಿನಲ್ಲಿ ದಾವಣಗೆರೆ ಕಡೆಯ ತಾಯಿಯೊಬ್ಬರ ಕಾಗದವಿದೆ. ನಾಲ್ಕು ಹಾಳೆ, ಎರಡೂ ಬದಿ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಇವರ ಮಗಳು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದಾಳೆ. ಹೋದ ದೀಪಾವಳಿಗೆ ಮುಂಚೆ ದೊಡ್ಡ ಕನ್ಸಲ್ಟಿಂಗ್ ಕಂಪನಿಯೊಂದಕ್ಕೆ ಅರ್ಜಿ ಹಾಕಿದಳು. ಪರೀಕ್ಷೆ ಪಾಸಾಯಿತು, ಮೊದಲ ಸುತ್ತಿನ ಸಂದರ್ಶನ ದಾಟಿದಳು, ಕೊನೆಯ ಸುತ್ತಿಗೂ ಕರೆದರು. ಅಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನ ಸಂಜೆ ಫೋನು ಮಾಡಿ ‘ಈ ಬಾರಿ ಆಗಲಿಲ್ಲ, ಒಂದೂವರೆ ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದು’ ಅಂದರಂತೆ. ಮಗಳು ಈಗ ಮತ್ತೆ ಹಾಕ್ತೀನಿ ಅನ್ನುತ್ತಾಳೆ. ಯಜಮಾನರಿಗೆ ಸಿಟ್ಟು. ‘ಬೇಡ ಅಂದವರ ಬಾಗಿಲಿಗೆ ಮತ್ತೆ ಹೋಗೋದಾ? ಮಾನ ಇಲ್ವಾ? ಸಾಕು, ಗಂಡು ನೋಡೋಣ’ ಅನ್ನುತ್ತಾರಂತೆ. ‘ನಾನು ಯಾರ ಕಡೆ ಮಾತಾಡಲಿ, ಹೇಳಿ’ ಎಂದು ಈ ತಾಯಿ ಕೇಳಿದ್ದಾರೆ.

ಮಗಳ ಕಡೆಯೇ ಮಾತಾಡಿ, ತಾಯಿ. ಆದರೆ ವಿಷಯ ತಿಳಿದುಕೊಂಡು ಮಾತಾಡಿ.

ಈ ಕಂಪನಿಗಳು ಏನು ಮಾಡುತ್ತವೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸಲಹೆ ಮಾರುತ್ತವೆ, ಅಷ್ಟೆ. ಕಾರ್ಖಾನೆ, ಬ್ಯಾಂಕು, ಕೆಲವು ಸಲ ಸರಕಾರಗಳು ಕೂಡ ತಮ್ಮ ತೊಂದರೆ ಹೇಳಿಕೊಂಡು ಇವರ ಹತ್ತಿರ ಬರುತ್ತವೆ. ಮೆಕಿನ್ಸಿ 1926ರಲ್ಲಿ ಷಿಕಾಗೋದಲ್ಲಿ ಶುರುವಾಯಿತು, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರಲ್ಲಿ. ಎರಡಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ಸಂಬಳ ಒಳ್ಳೆಯದು, ದುಡಿತವೂ ಹಾಗೇ. ರಾತ್ರಿ ಹನ್ನೊಂದಾದರೂ ಮುಗಿಯದ ಕೆಲಸ, ಊರೂರು ಓಡಾಟ. ಅಲ್ಲಿಗೆ ಸೇರಿದವರಲ್ಲಿ ಎಷ್ಟೋ ಮಂದಿ ಎರಡು ಮೂರು ವರ್ಷ ಕಲಿತು ಬೇರೆ ಕಡೆ ಹೋಗುತ್ತಾರೆ. ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನು ಸಂದರ್ಶನ. ಅಲ್ಲಿ ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ಒಂದು ಸಮಸ್ಯೆಯನ್ನು ಮುಂದಿಡುತ್ತಾರೆ, ಅದಕ್ಕೆ ‘ಕೇಸ್’ ಅಂತ ಹೆಸರು. ಒಂದು ಹೋಟೆಲಿನ ಲಾಭ ಇಳಿದಿದೆ, ಯಾಕೆ? ಒಂದು ಊರಿನಲ್ಲಿ ದಿನಕ್ಕೆ ಎಷ್ಟು ದೋಸೆ ಖರ್ಚಾಗುತ್ತದೆ? ಕೇಳಿದರೆ ಗಾಬರಿಯಾಗುತ್ತದೆ. ಆದರೆ ನೀವು ದಿನವೂ ಮಾಡುವ ಲೆಕ್ಕವೇ ಇದು. 14.2 ಕಿಲೋ ಸಿಲಿಂಡರು ನಿಮ್ಮ ಮನೆಗೆ ನಲವತ್ತು ದಿನ ಬರುತ್ತಿತ್ತು, ಈ ಸಲ ಇಪ್ಪತ್ತೆಂಟಕ್ಕೇ ಖಾಲಿ ಅಂದುಕೊಳ್ಳಿ. ನೀವೇನು ಮಾಡುತ್ತೀರಿ? ಮೊದಲು ಎರಡು ಭಾಗ ಮಾಡುತ್ತೀರಿ. ಬಂದ ಗ್ಯಾಸೇ ಕಡಿಮೆಯೋ, ಇಲ್ಲ ನಾವು ಉರಿಸಿದ್ದೇ ಹೆಚ್ಚೋ? ಬಂದದ್ದು ಕಡಿಮೆ ಅಂದರೆ ತೂಕದಲ್ಲಿ ಮೋಸವಿರಬಹುದು, ಪೈಪಿನಲ್ಲಿ ಸೋರಿರಬಹುದು. ಉರಿಸಿದ್ದು ಹೆಚ್ಚು ಅಂದರೆ ನೆಂಟರು ಬಂದಿದ್ದರೇ, ಚಕ್ಲಿ ಕರಿದೆವೇ, ನೀರು ಕಾಯಿಸುವ ಗೀಸರು ಕೆಟ್ಟು ಒಲೆಯ ಮೇಲೆ ಕಾಯಿಸಿದೆವೇ ಎಂದು ಒಂದೊಂದೇ ನೋಡಿ ಬಿಡುತ್ತೀರಿ. ಕೇಸ್ ಬಿಡಿಸುವುದೆಂದರೆ ಇದೇ. ವ್ಯತ್ಯಾಸವೆಂದರೆ ನೀವು ಮನಸ್ಸಿನಲ್ಲಿ ಮಾಡುತ್ತೀರಿ, ಆ ಹುಡುಗಿ ಎದುರು ಕೂತವರಿಗೆ ಕೇಳುವ ಹಾಗೆ ಬಾಯಿಬಿಟ್ಟು ಮಾಡಬೇಕು. ಲೆಕ್ಕದ ಯಂತ್ರವನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ.

ದೋಸೆ ಪ್ರಶ್ನೆಗೂ ಸರಿಯುತ್ತರ ಯಾರಿಗೂ ಗೊತ್ತಿಲ್ಲ. ದಾವಣಗೆರೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿತ್ತು, ಈಗ ಐದು ಲಕ್ಷ ಅಂದುಕೊಳ್ಳೋಣ. ಇಪ್ಪತ್ತೈದು ಜನರಲ್ಲಿ ಒಬ್ಬರು ಹೊರಗೆ ತಿಂಡಿ ತಿನ್ನುತ್ತಾರೆ ಅಂದರೆ ಇಪ್ಪತ್ತು ಸಾವಿರ. ಅದರಲ್ಲಿ ಅರ್ಧ ಜನ ಬೆಣ್ಣೆ ದೋಸೆ ಅಂದರೆ ಹತ್ತು ಸಾವಿರ. (ದಾವಣಗೆರೆಯವರು ಅರ್ಧ ಅಂದದ್ದು ಕಡಿಮೆಯಾಯಿತು ಅಂತ ನನ್ನ ಮೇಲೆ ಜಗಳಕ್ಕೆ ಬರಬಹುದು.) ಅಂಕಿ ಹೇಗೂ ಊಹೆಯದ್ದೇ. ಅಲ್ಲಿಗೆ ಯಾವ ದಾರಿಯಲ್ಲಿ ಹೋದಳು ಎಂದು ಅವರು ನೋಡುತ್ತಾರೆ.

ಕೊನೆಯ ಸುತ್ತಿನಲ್ಲಿ ಕೂರುವವರು ಸಾಮಾನ್ಯವಾಗಿ ಕಂಪನಿಯ ಪಾರ್ಟ್‌ನರ್‌ಗಳು, ಎಂದರೆ ಪಾಲುದಾರರು. ಒಬ್ಬರಾದ ಮೇಲೆ ಒಬ್ಬರು ಮಾತಾಡಿಸುತ್ತಾರೆ, ಆಮೇಲೆ ಸೇರಿ ತೀರ್ಮಾನಿಸುತ್ತಾರೆ. ಅಷ್ಟು ದೊಡ್ಡವರು ತಮ್ಮ ಹೊತ್ತನ್ನು ಕೊಟ್ಟು ಕೂತಿದ್ದಾರೆ ಎಂದರೆ ಹುಡುಗಿಯಲ್ಲಿ ಏನೋ ಕಂಡಿದ್ದಾರೆ ಎಂದೇ ಅರ್ಥ. ಆದರೆ ಒಬ್ಬರ ಮನಸ್ಸಿನಲ್ಲಿ ಸಂದೇಹ ಉಳಿದರೂ ಕೆಲಸ ತಪ್ಪಿಹೋಗಬಹುದು.

ಈಗ ಕಾಗದದ ಮೂರನೆಯ ಹಾಳೆಗೆ ಬರುತ್ತೇನೆ. ಅದನ್ನು ಎರಡು ಸಲ ಓದಿದೆ. ಮೂರನೆಯವರು ಕೊಟ್ಟ ಲೆಕ್ಕದಲ್ಲಿ ಹುಡುಗಿ ಒಂದು ಸೊನ್ನೆ ಬಿಟ್ಟಳಂತೆ. ಆಮೇಲೆ ಫೋನಿನಲ್ಲಿ ಕೇಳಿದಾಗ ಅವರು ಹೇಳಿದ್ದು: ಸೊನ್ನೆ ಬಿಟ್ಟದ್ದು ದೊಡ್ಡದಲ್ಲ, ತಪ್ಪು ತೋರಿಸಿದ ಮೇಲೆ ಬೆಚ್ಚಿ ಮಾತು ನಿಲ್ಲಿಸಿದಿರಿ. ನೀವು ಇದನ್ನು ‘ಏನೋ ಒಂದು ನೆಪ ಹೇಳಿದರು’ ಎಂದು ಬರೆದಿದ್ದೀರಿ. ಅಲ್ಲ ತಾಯಿ, ಮುಂದಿನ ಸಲಕ್ಕೆ ಏನನ್ನು ತಿದ್ದಿಕೊಳ್ಳಬೇಕು ಎಂದು ಅವರೇ ಹೇಳಿಬಿಟ್ಟಿದ್ದಾರೆ. ಎಷ್ಟೋ ಮಕ್ಕಳಿಗೆ ಇಷ್ಟೂ ಸಿಗುವುದಿಲ್ಲ. ತಪ್ಪಾದಾಗ ‘ಕ್ಷಮಿಸಿ, ಇಲ್ಲಿ ಸೊನ್ನೆ ಬಿಟ್ಟಿದ್ದೇನೆ, ತಿದ್ದಿ ಮುಂದುವರಿಸುತ್ತೇನೆ’ ಎಂದು ಹೇಳಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಬಹುದು. ಇದಕ್ಕೆ ಎದುರಿಗೆ ಒಬ್ಬರು ಕೂರಬೇಕು, ಸ್ನೇಹಿತೆಯಾದರೂ ಆದೀತು. ನೀವೂ ಒಂದಿಷ್ಟು ಮಾಡಬಹುದು. ರಾತ್ರಿ ಫೋನು ಮಾಡಿದಾಗ, ಊರಿಗೆ ಬಂದು ಅವರೆಕಾಯಿ ಸುಲಿಯುತ್ತ ಕೂತಾಗ, ‘ಹದಿನೆಂಟು ಸಾವಿರಕ್ಕೆ ಶೇಕಡಾ ಹದಿನೈದು ಎಷ್ಟಮ್ಮ?’ ಎಂದು ಕೇಳಿ. 2,700 ಎಂದು ಥಟ್ಟನೆ ಬರುವ ತನಕ ಕೇಳಿ.

ಒಂದೂವರೆ ವರ್ಷ ಎಂದದ್ದಕ್ಕೂ ಅರ್ಥವಿದೆ. ಇಂಥ ಕಂಪನಿಗಳಲ್ಲಿ ಒಂದರಿಂದ ಎರಡು ವರ್ಷದ ಗಡುವು ಸಾಮಾನ್ಯ. ಅದಕ್ಕೆ ಮುಂಚೆ ಹಾಕಿದರೆ ಅರ್ಜಿ ಬದಿಗೆ ಹೋಗುತ್ತದೆ. ಹಳೆಯ ಸಂದರ್ಶನದ ಟಿಪ್ಪಣಿ ಅವರ ಹತ್ತಿರ ಇರುತ್ತದೆ, ಆದ್ದರಿಂದ ಬೇರೆ ಇಮೇಲಿನಿಂದ ಹೊಸಬಳಂತೆ ಅರ್ಜಿ ಹಾಕುವ ಜಾಣತನ ಬೇಡ. ಮೊದಲು ಬಂದಿದ್ದೆ ಎಂದು ತಾನೇ ಹೇಳಲಿ. ಆದರೆ ಅದೇ ಬಯೋಡೇಟಾ ಮತ್ತೆ ಕಳಿಸಿದರೆ ಅದೇ ಉತ್ತರ ಬಂದೀತು. ಈ ನಡುವೆ ಏನು ಬದಲಾಯಿತು ಎಂದು ಅದರಲ್ಲಿ ಕಾಣಬೇಕು. ಈಗಿನ ಆಫೀಸಿನಲ್ಲೇ ಹೆಚ್ಚಿನ ಜವಾಬ್ದಾರಿ ಕೇಳಿ ತೆಗೆದುಕೊಳ್ಳಲಿ, ನಾಲ್ಕು ಜನರನ್ನು ಕಟ್ಟಿಕೊಂಡು ಒಂದು ಕೆಲಸ ಮುಗಿಸಲಿ, ಅದರಿಂದ ಎಷ್ಟು ಹಣ ಉಳಿಯಿತು, ಎಷ್ಟು ದಿನ ಮಿಕ್ಕಿತು ಎಂದು ಅಂಕಿಯಲ್ಲಿ ಬರೆದಿಡಲಿ. ಸಂದರ್ಶನಕ್ಕೆ ಕರೆದಿದ್ದ ಸಿಬ್ಬಂದಿಗೆ ವಂದನೆಯ ಎರಡು ಸಾಲು ಬರೆದು, ಗಡುವು ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಬರೆಯಲಿ. ಅಲ್ಲಿ ಕೆಲಸ ಮಾಡುವ ಪರಿಚಯದವರು ಇದ್ದು, ಅವರಾಗಿಯೇ ಇವಳ ಹೆಸರು ಸೂಚಿಸಿದರೆ ಒಳ್ಳೆಯದು. ಒಂದು ಕಂಪನಿ ಬೇಡ ಎಂದರೆ ಇನ್ನೊಂದಕ್ಕೆ ಅದು ತಡೆಯಲ್ಲ. ಅವುಗಳಿಗೆ ಈಗಲೇ ಹಾಕಬಹುದು.

ಯಜಮಾನರ ‘ಮಾನ’ದ ಮಾತು. ಅವರಿಗೆ ಇದು ಹೆಣ್ಣು ನೋಡಲು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂದು ಹೋದವರ ಹಾಗೆ ಕಾಣುತ್ತಿದೆ. ಅಂಥವರ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ, ನಿಜ. ಆದರೆ ಇಲ್ಲಿ ಅವರೇ ‘ಇಷ್ಟು ದಿನ ಬಿಟ್ಟು ಬನ್ನಿ’ ಎಂದು ಬಾಗಿಲು ತೆರೆದಿಟ್ಟಿದ್ದಾರೆ. ಪಿ.ಯು.ಸಿ. ಪರೀಕ್ಷೆಗೆ ಮತ್ತೆ ಕೂರುವ ಮಕ್ಕಳನ್ನು ಮಾನಗೆಟ್ಟವರು ಅನ್ನುತ್ತೇವೆಯೇ? ಇದನ್ನು ಅವರಿಗೆ ಊಟವಾದ ಮೇಲೆ ಹೇಳಿ, ಮುಂಚೆ ಬೇಡ. ಗಂಡು ನೋಡುವುದು ಬಿಡುವುದು ಮಗಳನ್ನು ಕೇಳಿ ಮಾಡುವ ಮಾತು. ಸೋತಳು ಎಂಬ ಕಾರಣಕ್ಕೆ ಮದುವೆ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕೊನೆಯ ಹಾಳೆಯ ಮೂಲೆಯಲ್ಲಿ ನೀವು ಸಣ್ಣಕ್ಷರದಲ್ಲಿ ಒಂದು ಮಾತು ಬರೆದಿದ್ದೀರಿ. ಕೊನೆಯ ಸುತ್ತಿಗೆ ಕರೆದರು ಎಂದ ಕೂಡಲೇ ಸಂತೋಷಕ್ಕೆ ಮೈಸೂರುಪಾಕು ಮಾಡಿ, ‘ಕೆಲಸ ಆದ ಹಾಗೇ’ ಎಂದು ಬೀದಿಯ ಎಂಟು ಮನೆಗೆ ಹಂಚಿದಿರಂತೆ. ಆಮೇಲೆ ಮಗಳು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ, ದೀಪಾವಳಿಗೂ ಊರಿಗೆ ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಅವಳು ಬಾರದೆ ಇದ್ದದ್ದು ಕಂಪನಿಯ ಫೋನಿಗಿಂತ ಆ ಎಂಟು ಮನೆಗಳಿಗಾಗಿ ಎಂದು ನನಗೆ ಅನಿಸುತ್ತದೆ. ತಾಯಿಯ ಸಂತೋಷವನ್ನು ಯಾರು ತಪ್ಪೆಂದಾರು? ಆದರೂ ‘ನಾನು ಅವಸರ ಮಾಡಿದೆ ಕಣೇ’ ಎಂದು ಅವಳಿಗೆ ಒಂದು ಸಲ ಬಾಯಿಬಿಟ್ಟು ಹೇಳಿ. ನೀವು ಇನ್ನೂ ಹೇಳಿಲ್ಲ ಎಂದು ಕಾಗದದಿಂದಲೇ ತಿಳಿಯುತ್ತದೆ. ಬೀದಿಯವರು ಕೇಳಿದರೆ ‘ಕೊನೇ ಸುತ್ತಿನವರೆಗೆ ಹೋಗಿದ್ದಳು, ಮತ್ತೆ ಹಾಕ್ತಾಳೆ’ ಅಂದು ಸಾರಿನ ಪುಡಿಯ ಮಾತೆತ್ತಿ. ಎರಡನೇ ಸಲ ಹೋಗುವಾಗ ದಿನಾಂಕ ನಿಮ್ಮ ಮನೆಯ ಮೂವರಿಗಷ್ಟೇ ಗೊತ್ತಿರಲಿ.

ಸಂದರ್ಶನಕ್ಕೆ ಸೀರೆ ಉಡಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ಮುಂದೆ ಪೆಪ್ಸಿ ಕಂಪನಿಯನ್ನು ನಡೆಸಿದ ಇಂದ್ರಾ ನೂಯಿ ಅಮೆರಿಕದ ಯೇಲ್‌ನಲ್ಲಿ ಓದುತ್ತಿದ್ದಾಗ ಇಂಥದೇ ಒಂದು ಸಲಹಾ ಕಂಪನಿಯ ಸಂದರ್ಶನಕ್ಕೆ ಸೀರೆಯಲ್ಲೇ ಹೋಗಿ ಕೆಲಸ ಪಡೆದರು. ಹೊಸ ಸೀರೆ ಮಾತ್ರ ಬೇಡ. ಮೂರು ನಾಲ್ಕು ಸಲ ಉಟ್ಟು, ನೆರಿಗೆ ನಿಲ್ಲುತ್ತದೆ ಎಂದು ಗೊತ್ತಿರುವ ಹತ್ತಿ ಸೀರೆಯೇ ಇರಲಿ.