‘ಗ್ರೆಪ್’ ಅರ್ಥವಾಗದಿದ್ದರೆ ಅದು ಇಂಗ್ಲಿಷ್ ಕೊರತೆಯಲ್ಲ

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗೆ ಒಂದು ಭಯ ಬೆನ್ನು ಬಿಡುವುದಿಲ್ಲ. ಅರ್ಥವಾಗದ ಪದ ಎದುರಾದರೆ ಸಾಕು, ‘ನಂಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ತಿಳೀತಿಲ್ಲ’ ಎಂದು ಸುಮ್ಮನಾಗುತ್ತೇವೆ. ಯೂನಿಕ್ಸ್ ಲ್ಯಾಬಿನಲ್ಲಿ ಬರುವ ‘ಗ್ರೆಪ್’ ಅಂಥದ್ದೊಂದು ಪದ. ಫೈಲಿನೊಳಗೆ ನಾವು ಹೇಳಿದ ಪದ ಎಲ್ಲೆಲ್ಲಿದೆ ಎಂದು ಹುಡುಕಿ, ಆ ಸಾಲುಗಳನ್ನು ತೋರಿಸುವ ಕಮಾಂಡ್ ಅದು. ವೈವಾಗೆ ಇಷ್ಟು ಉರು ಹೊಡೆದರೆ ನಡೆಯುತ್ತದೆ. ಹೆಸರಿನ ಅರ್ಥವೇನು ಎಂದು ಕೇಳಿದರೆ ಕಾನ್ವೆಂಟಿನಲ್ಲಿ ಓದಿದ ಗೆಳೆಯರಿಗೂ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಅದು ಇಂಗ್ಲಿಷ್ ಪದವಾಗಿ ಹುಟ್ಟಿದ್ದೇ ಅಲ್ಲ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ರೂಪುಗೊಳ್ಳುತ್ತಿದ್ದ ಕಾಲ. ಪಠ್ಯ ತಿದ್ದಲು ‘ಇಡಿ’ ಎಂಬ ಎಡಿಟರ್ ಇತ್ತು (ದಾಳಿ ಮಾಡುವ ಇ.ಡಿ. ಅಲ್ಲ!). ಒಂದು ಪದವಿರುವ ಸಾಲುಗಳನ್ನೆಲ್ಲ ನೋಡಬೇಕಾದರೆ ಅದರಲ್ಲಿ ‘ಜಿ’ ಒತ್ತಿ, ಎರಡು ಓರೆಗೆರೆಗಳ ನಡುವೆ ಹುಡುಕಬೇಕಾದ ಮಾದರಿಯನ್ನು ಬರೆದು, ಕೊನೆಗೆ ‘ಪಿ’ ಒತ್ತಬೇಕಿತ್ತು. ಜಿ ಎಂದರೆ ಗ್ಲೋಬಲ್, ಪಿ ಎಂದರೆ ಪ್ರಿಂಟ್. ನಡುವಿನ ಮಾದರಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು, ಚಿಕ್ಕದಾಗಿ ಆರ್‌ಇ. ನಾಲ್ಕೂ ಅಕ್ಷರ ಕೂಡಿಸಿ ಓದಿ: ಗ್ರೆಪ್.

ಇಂಗ್ಲಿಷ್ ಬಲ್ಲವರು ಇಲ್ಲಿ ಇನ್ನೂ ಎಡವಬಹುದು. ಗ್ಲೋಬಲ್ ಎಂದರೆ ಜಗತ್ತಲ್ಲ, ಪೂರ್ತಿ ಫೈಲು. ರೆಗ್ಯುಲರ್ ಎಂದರೆ ದಿನನಿತ್ಯದ್ದಲ್ಲ, ಗಣಿತಜ್ಞ ಸ್ಟೀಫನ್ ಕ್ಲೇನಿ 1950ರ ದಶಕದಲ್ಲಿ ಬಳಕೆಗೆ ತಂದ ಪಾರಿಭಾಷಿಕ ಪದ. ಪ್ರಿಂಟ್ ಮಾತ್ರ ನಿಜವಾದ ಪ್ರಿಂಟೇ. ಆಗಿನ ಟೆಲಿಟೈಪ್ ಯಂತ್ರಗಳಿಗೆ ಪರದೆ ಇರಲಿಲ್ಲ, ಉತ್ತರ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಕಾಗದ ಹೋಯಿತು, ಪಿ ಉಳಿಯಿತು.

ಎಡಿಟರಿನೊಳಗಿದ್ದ ಈ ಆಜ್ಞೆ ಬೇರೆ ಪ್ರೋಗ್ರಾಂ ಆಗಿದ್ದೇಕೆ ಎಂಬುದಕ್ಕೆ ಅಲ್ಲಿದ್ದ ಬ್ರಯಾನ್ ಕರ್ನಿಘನ್ ಒಂದು ಕಥೆ ಹೇಳುತ್ತಾರೆ. ಅವರ ಸಹೋದ್ಯೋಗಿ ಲೀ ಮೆಕ್‌ಮಹಾನ್ ಅವರಿಗೆ ‘ಫೆಡರಲಿಸ್ಟ್ ಪೇಪರ್ಸ್’ನ ಯಾವ ಲೇಖನ ಯಾರದ್ದು ಎಂದು ಪತ್ತೆ ಮಾಡಬೇಕಿತ್ತು. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 1787–88ರಲ್ಲಿ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಲೇಖನಗಳವು. ಎಲ್ಲ ಸೇರಿ 1 ಮೆಗಾಬೈಟ್‌ಗಿಂತ ತುಸು ಹೆಚ್ಚು. ಈಗ ಮೊಬೈಲಿನ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ! ಆದರೆ ಅಂದಿನ ಕಂಪ್ಯೂಟರಿನ ಎಡಿಟರಿಗೆ ಅಷ್ಟನ್ನು ತೆರೆಯುವುದು ಸಾಧ್ಯವಿರಲಿಲ್ಲ. ಕೆನ್ ಥಾಂಪ್ಸನ್ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಕೊಟ್ಟರು. ಫೈಲನ್ನು ಪೂರ್ತಿ ಒಳಗೆಳೆದುಕೊಳ್ಳದೆ ಅದು ಸಾಲು ಸಾಲಾಗಿ ಓದುತ್ತ ಹೋಗುತ್ತದೆ. 1973ರ ಯೂನಿಕ್ಸ್ ನಾಲ್ಕನೇ ಆವೃತ್ತಿಯಲ್ಲಿ ಗ್ರೆಪ್ ಬಂತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸೇರಿದ್ದು 2003ರಲ್ಲಿ. 30 ವರ್ಷ ಆ ನಿಘಂಟಿನಲ್ಲೇ ಇಲ್ಲದ ಪದಕ್ಕೆ ನಾವು ಯಾಕೆ ತಲೆ ತಗ್ಗಿಸಬೇಕು?

ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಕಮಾಂಡ್, ಸಿಂಟ್ಯಾಕ್ಸ್, ಔಟ್‌ಪುಟ್ ಇರುತ್ತವೆ. ಹೆಸರು ಬಂದ ದಾರಿ ಇರುವುದಿಲ್ಲ. ಒಂದೊಂದು ಸಾಲು ಸೇರಿಸಿದರೆ ಏನು ನಷ್ಟ? ‘ಕ್ಯಾಟ್’ ಬೆಕ್ಕಲ್ಲ, ಜೋಡಿಸು ಎಂಬರ್ಥದ ಕಾನ್‌ಕ್ಯಾಟಿನೇಟ್‌ನ ತುಂಡು. ‘ಆಕ್’ ಅದನ್ನು ರೂಪಿಸಿದ ಮೂವರ ಹೆಸರಿನ ಮೊದಲಕ್ಷರಗಳು. ಗ್ರೆಪ್‌ನ ಹೊಟ್ಟೆಯಲ್ಲಿ ಆರ್‌ಇ ಇದೆ ಎಂದು ತಿಳಿದ ವಿದ್ಯಾರ್ಥಿ, ಅದಕ್ಕೆ ಬರೀ ಪದವಲ್ಲ, ಮಾದರಿಯನ್ನೂ ಕೊಡಬಹುದು ಎಂದು ತಾನೇ ಊಹಿಸುತ್ತಾನೆ. ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಬರುವುದೂ ಅಲ್ಲಿಂದಲೇ.

ಅಂದ ಹಾಗೆ, ಯೂನಿಕೋಡ್ ಕನ್ನಡ ಫೈಲಿನಲ್ಲೂ ಗ್ರೆಪ್ ಕೆಲಸ ಮಾಡುತ್ತದೆ. ‘ಮಳೆ’ ಎಂದು ಕೊಟ್ಟು ನೋಡಿ, ‘ಮಳೆಗಾಲ’ ಇರುವ ಸಾಲನ್ನೂ ತಂದುಕೊಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರದ ಭೇದ ಬೇಡ ಎನ್ನಲು ಅದರಲ್ಲಿ ‘ಐ’ ಎಂಬ ಆಯ್ಕೆಯೊಂದಿದೆ. ಇಂಗ್ಲಿಷಿಗೆ ಅದು ಬೇಕು, ಕನ್ನಡಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ.